ಥರ್ಮಾಮೀಟರ್ ಕದಲದೆ ನಿಂತಾಗ: ಅಣುಗಳ ಸೆಳೆತವನ್ನು ಮನೆಯಲ್ಲೇ ಅಳೆಯುವುದು ಹೇಗೆ?

ಐಸ್ ತುಂಬಿದ ಪಾತ್ರೆಯನ್ನು ಒಲೆಯ ಮೇಲಿಟ್ಟು, ಒಳಗೊಂದು ಥರ್ಮಾಮೀಟರ್ ಹಿಡಿದು, ಐದು ನಿಮಿಷ ಸುಮ್ನೆ ನೋಡಿದ್ದೀರಾ? ಕೆಳಗೆ ಉರಿ ಇದೆ. ಶಾಖ ಒಳಗೆ ಹೋಗುತ್ತಲೇ ಇದೆ. ಆದರೂ ಕೆಂಪು ಗೆರೆ 0 ಡಿಗ್ರಿ ಬಿಟ್ಟು ಮೇಲೇಳುವುದಿಲ್ಲ. ಕೊನೆಯ ಐಸ್ ಚೂರು ಮಾಯವಾದ ಮೇಲಷ್ಟೇ ಅದು ಏರಲು ಶುರು ಮಾಡುತ್ತದೆ. ಅಲ್ಲಿಯವರೆಗೆ ಕೊಟ್ಟ ಶಾಖವೆಲ್ಲ ಎಲ್ಲಿ ಹೋಯಿತು?

ಒಂದಕ್ಕೊಂದು ಅಂಟಿಕೊಂಡ ಅಣುಗಳನ್ನು ಬಿಡಿಸುವ ಕೆಲಸಕ್ಕೆ ಹೋಯಿತು.

ಯಾವ ವಸ್ತುವಿನಲ್ಲೇ ಆಗಲಿ, ಅಣುಗಳು ಒಂದನ್ನೊಂದು ಎಳೆಯುತ್ತವೆ. ಜೊತೆಗೆ ಒಂದು ಕ್ಷಣವೂ ಸುಮ್ಮನಿರದೆ ಓಡಾಡುತ್ತವೆ, ಇಲ್ಲವೇ ಇದ್ದಲ್ಲೇ ನಡುಗುತ್ತವೆ. ಎಳೆತದ ಕೈ ಮೇಲಾದರೆ ಘನ. ಓಟದ ಕೈ ಮೇಲಾದರೆ ಅನಿಲ. ಅಣುಗಳು ಒಂದನ್ನೊಂದು ಬಿಟ್ಟು ಹೋಗಲಾರದೆ, ಒಂದೇ ಕಡೆ ನಿಲ್ಲಲೂ ಆರದೆ ಜಾರಾಡುತ್ತಿದ್ದರೆ ದ್ರವ. ಇಷ್ಟನ್ನು ಓದಿ ತಲೆಯಾಡಿಸುವುದು ಸುಲಭ. ಆದರೆ ಆ ಎಳೆತ ಎಷ್ಟು ದೊಡ್ಡದು ಅಂತ ಕೈಯಾರೆ ಅಳೆದಾಗಲೇ ಅದು ಮನಸ್ಸಿಗೆ ಇಳಿಯುವುದು. ಕೆಳಗಿನ ಐದು ಪ್ರಯೋಗಗಳನ್ನು ಒಂದು ರಜೆಯ ದಿನದಲ್ಲಿ ಮುಗಿಸಬಹುದು.

ಮೊದಲು ಹೊಂದಿಸಿಕೊಳ್ಳಬೇಕಾದ್ದು

ಮೈನಸ್ 10ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ ಥರ್ಮಾಮೀಟರ್ ಒಂದು. ಜ್ವರ ನೋಡುವ ಥರ್ಮಾಮೀಟರ್ ಬೇಡ. ಬಿಸಿನೀರಿಗೆ ಹಾಕಿದರೆ ಅದು ಒಡೆದೀತು. ಒಂದು ಗ್ರಾಂವರೆಗೆ ತೂಗುವ ಅಡುಗೆಮನೆಯ ತಕ್ಕಡಿ, ಗಡಿಯಾರ, ಒಂದೇ ಅಳತೆಯ ಎರಡು ಕಾಗದದ ಲೋಟ, ಸೂಜಿ ಇಲ್ಲದ ದೊಡ್ಡ ಸಿರಿಂಜ್ ಮತ್ತು ಅದರ ತುದಿಗೆ ಬಿಗಿಯಾಗಿ ಕೂರುವ ಮುಚ್ಚಳ. ಜೊತೆಗೆ ಐಸ್, ನೀರು, ಸ್ವಲ್ಪ ಸ್ಪಿರಿಟ್, ಸ್ವಲ್ಪ ಅಡುಗೆ ಎಣ್ಣೆ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಡೆಯುತ್ತದೆ.

ಒಂದು ನೋಟ್‌ಬುಕ್ ಇರಲಿ. ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಅಂದುಕೊಂಡ ಅಂಕಿಗಳು ನೆನಪಿನಲ್ಲಿ ಉಳಿಯುವುದಿಲ್ಲ.

ಒಂದನೇ ಪ್ರಯೋಗ: 0 ಡಿಗ್ರಿಯಲ್ಲಿ ನಿಲ್ಲುವ ಗೆರೆ

ಐಸನ್ನು ಬಟ್ಟೆಯಲ್ಲಿ ಸುತ್ತಿ, ಕುಟ್ಟಿ ಪುಡಿ ಮಾಡಿ. ದೊಡ್ಡ ಗಡ್ಡೆಗಳಾದರೆ ನಡುನಡುವೆ ಸಂದು ಉಳಿದು, ಥರ್ಮಾಮೀಟರ್ ಗಾಳಿಯ ಬಿಸಿಯನ್ನು ತೋರಿಸಿಬಿಡುತ್ತದೆ. ಪುಡಿಯನ್ನು ಪಾತ್ರೆಗೆ ಹಾಕಿ, ತುಂಬ ಸಣ್ಣ ಉರಿಯಲ್ಲಿಡಿ. ನಿಲ್ಲಿಸದೆ ಕಲಕುತ್ತ, ಅರ್ಧ ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಿ.

ನಾನು ಇದನ್ನು ಮೊದಲ ಸಲ ಮಾಡಿದಾಗ ಗೆರೆ ನಿಲ್ಲಲೇ ಇಲ್ಲ. ಐಸ್ ಇನ್ನೂ ಅರ್ಧ ಇರುವಾಗಲೇ 6 ಡಿಗ್ರಿ ತೋರಿಸಿತು. ಪುಸ್ತಕದ ಮಾತೇ ತಪ್ಪೇನೋ ಅಂತ ಅನುಮಾನ ಬಂದು, ಮತ್ತೆ ಮತ್ತೆ ಮಾಡಿದೆ. ಆಮೇಲೆ ಕಾರಣ ತಿಳಿಯಿತು. ಥರ್ಮಾಮೀಟರಿನ ಬುಡ ಪಾತ್ರೆಯ ತಳ ಮುಟ್ಟುತ್ತಿತ್ತು, ನಾನು ಸರಿಯಾಗಿ ಕಲಕುತ್ತಲೂ ಇರಲಿಲ್ಲ. ತಳದ ತೆಳುವಾದ ನೀರಿನ ಪದರ ಬಿಸಿಯಾಗಿತ್ತು, ಮೇಲಿನ ಐಸಿಗೆ ಆ ಬಿಸಿ ತಲುಪಿರಲಿಲ್ಲ. ಹಾಗಾಗಿ ಎರಡು ಮಾತು ನೆನಪಿಡಿ: ಬುಡ ತಳಕ್ಕೆ ತಾಗಬಾರದು, ಕಲಕುವ ಕೈ ನಿಲ್ಲಬಾರದು.

ಬರೆದ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿ. ಮೊದಲು ಉದ್ದವಾದ ಸಮತಟ್ಟು ಗೆರೆ, ಆಮೇಲೆ ಏರುಗೆರೆ. ಉಷ್ಣತೆ ಅಂದರೆ ಅಣುಗಳು ಎಷ್ಟು ಜೋರಾಗಿ ಅಲುಗಾಡುತ್ತಿವೆ ಅನ್ನುವುದರ ಅಳತೆ. ಸಮತಟ್ಟು ಭಾಗದಲ್ಲಿ ಆ ಜೋರು ಹೆಚ್ಚುತ್ತಿಲ್ಲ. ಒಳಗೆ ಬಂದ ಶಕ್ತಿಯೆಲ್ಲ ಅಣುಗಳನ್ನು ಅವುಗಳ ಜಾಗದಿಂದ ಕೀಳಲು ಖರ್ಚಾಗುತ್ತಿದೆ. ಥರ್ಮಾಮೀಟರಿಗೆ ಕಾಣದ ಈ ಶಾಖಕ್ಕೆ ಗುಪ್ತೋಷ್ಣ ಅಂತ ಹೆಸರು.

ಇದನ್ನು ಮೇಣದಲ್ಲಿ ನೋಡಲು ಹೋಗಬೇಡಿ. ಮೇಣ ಒಂದೇ ಬಗೆಯ ಅಣುಗಳಿಂದ ಆದದ್ದಲ್ಲ, ಬೇರೆ ಬೇರೆ ಉದ್ದದ ಅಣುಗಳ ಬೆರಕೆ. ಒಂದೊಂದು ಒಂದೊಂದು ಉಷ್ಣತೆಯಲ್ಲಿ ಮೆತ್ತಗಾಗುವುದರಿಂದ ಗೆರೆ ಸಮತಟ್ಟಾಗಿ ನಿಲ್ಲುವುದಿಲ್ಲ.

ಎರಡನೇ ಪ್ರಯೋಗ: ಎರಡು ಲೋಟ

ಐದರಲ್ಲಿ ಒಂದನ್ನು ಮಾತ್ರ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಇದರಷ್ಟು ನೇರವಾಗಿ ಅಣುಗಳ ಎಳೆತವನ್ನು ತೋರಿಸುವ ಇನ್ನೊಂದು ಪ್ರಯೋಗ ನನಗೆ ಸಿಕ್ಕಿಲ್ಲ.

ಎರಡೂ ಲೋಟಗಳಿಗೆ 40 ಡಿಗ್ರಿ ಬಿಸಿಯ ನೀರನ್ನು 200 ಗ್ರಾಂನಂತೆ ತೂಗಿ ಹಾಕಿ. ಇನ್ನೊಂದು ಪಾತ್ರೆಯಲ್ಲಿ ಐಸ್ ಮತ್ತು ನೀರನ್ನು ಚೆನ್ನಾಗಿ ಕಲಕಿ 0 ಡಿಗ್ರಿಗೆ ತಂದಿಟ್ಟುಕೊಳ್ಳಿ. ಅದರಿಂದ ಬರೀ ನೀರನ್ನು ಸೋಸಿ, 50 ಗ್ರಾಂ ತೂಗಿ, ಮೊದಲ ಲೋಟಕ್ಕೆ ಸುರಿಯಿರಿ. ಎರಡನೇ ಲೋಟಕ್ಕೆ ಅದೇ ಪಾತ್ರೆಯ ಐಸನ್ನು 50 ಗ್ರಾಂ ಹಾಕಿ. ಹಾಕುವ ಮೊದಲು ಐಸನ್ನು ಬಟ್ಟೆಯಲ್ಲಿ ಒತ್ತಿ ಒರೆಸುವುದನ್ನು ಮರೆಯಬೇಡಿ. ಮೈಮೇಲೆ ನೀರಿದ್ದರೆ ನೀವು 50 ಗ್ರಾಂ ಐಸ್ ಅಂತ ತೂಗಿದ್ದರಲ್ಲಿ ಐದಾರು ಗ್ರಾಂ ಆಗಲೇ ಕರಗಿದ ನೀರಾಗಿರುತ್ತದೆ. ಎರಡನ್ನೂ ಕಲಕಿ. ಐಸ್ ಪೂರ್ತಿ ಕರಗಿದ ಕೂಡಲೇ ಉಷ್ಣತೆ ನೋಡಿ.

ಎರಡೂ ಲೋಟಕ್ಕೆ ಹಾಕಿದ್ದು 0 ಡಿಗ್ರಿಯದ್ದೇ. ಎರಡಕ್ಕೂ ಹಾಕಿದ್ದು 50 ಗ್ರಾಂ. ಎರಡರಲ್ಲೂ ಕೊನೆಗೆ ಇರುವುದು 250 ಗ್ರಾಂ ನೀರೇ. ಆದರೆ ಮೊದಲ ಲೋಟ ಸುಮಾರು 32 ಡಿಗ್ರಿ ತೋರಿಸಿದರೆ, ಎರಡನೆಯದು 16ರ ಹತ್ತಿರ ನಿಲ್ಲುತ್ತದೆ. ಲೋಟದೊಳಗೆ ಬೆರಳಿಟ್ಟರೂ ವ್ಯತ್ಯಾಸ ತಿಳಿಯುತ್ತದೆ. ಆ 16 ಡಿಗ್ರಿಯ ವ್ಯತ್ಯಾಸವನ್ನು ತಿಂದಿದ್ದು ಐಸಿನ ಅಣುಗಳ ನಡುವಿನ ಬಿಗಿತ.

ಲೆಕ್ಕ ಹೀಗೆ. ಶಾಖವನ್ನು ಅಳೆಯುವ ಮಾನ ಜೂಲ್. ಒಂದು ಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು 4.18 ಜೂಲ್ ಬೇಕು. 0 ಡಿಗ್ರಿಯ ಒಂದು ಗ್ರಾಂ ಐಸ್ 0 ಡಿಗ್ರಿಯ ನೀರಾಗಲು 334 ಜೂಲ್ ಬೇಕು. ಅಂದರೆ ಐಸನ್ನು ಬರೀ ಕರಗಿಸುವ ಶಾಖದಲ್ಲಿ ಅಷ್ಟೇ ನೀರನ್ನು 0ಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು!

ಈಗ ಪುಸ್ತಕದ 334ನ್ನು ಪಕ್ಕಕ್ಕಿಟ್ಟು ನಿಮ್ಮದೇ ಅಂಕಿ ತೆಗೆಯಿರಿ. ಎರಡನೇ ಲೋಟ 17 ಡಿಗ್ರಿಯಲ್ಲಿ ನಿಂತಿತು ಅಂದುಕೊಳ್ಳಿ. ಬಿಸಿನೀರು ಕಳೆದುಕೊಂಡ ಶಾಖ: 200 × 4.18 × 23, ಅಂದರೆ 19,228 ಜೂಲ್. ಅದರಲ್ಲಿ ಕರಗಿದ ನೀರನ್ನು 0ಯಿಂದ 17ಕ್ಕೆ ಏರಿಸಲು ಹೋದದ್ದು: 50 × 4.18 × 17, ಅಂದರೆ 3,553 ಜೂಲ್. ಉಳಿದ 15,675 ಜೂಲ್ ಕರಗಿಸಲು ಹೋಯಿತು. 50ರಿಂದ ಭಾಗಿಸಿದರೆ ಗ್ರಾಂಗೆ ಸುಮಾರು 313. ಕಾಗದದ ಲೋಟ ಮತ್ತು ಅಡುಗೆಮನೆಯ ತಕ್ಕಡಿಯಲ್ಲಿ ಇದು ಒಳ್ಳೆಯ ಫಲಿತಾಂಶವೇ. ನಿಮ್ಮ ಅಂಕಿ ತೀರಾ ಕಡಿಮೆ ಬಂದರೆ ಮೊದಲು ಒದ್ದೆ ಐಸಿನ ಮೇಲೆ ಅನುಮಾನಪಡಿ. ಜಾಸ್ತಿ ಬಂದರೆ, ಲೋಟದ ನೀರು ಆರುತ್ತ ಹೊರಗಿನ ಗಾಳಿಗೆ ಶಾಖ ಕೊಟ್ಟಿರಬಹುದು, ಇಲ್ಲವೇ ಫ್ರೀಜರಿನಿಂದ ತೆಗೆದ ಐಸ್ ಇನ್ನೂ 0 ಡಿಗ್ರಿಗಿಂತ ತಣ್ಣಗಿದ್ದಿರಬಹುದು. ಇನ್ನೊಂದು ಲೋಟವನ್ನು ಹೊರಗಿನಿಂದ ಸೇರಿಸಿ, ಡಬಲ್ ಮಾಡಿ, ಮತ್ತೊಮ್ಮೆ ನೋಡಿ.

ಈ ವಿಷಯವನ್ನು ಮೊದಲು ಅಳೆದು ಹೇಳಿದವರಲ್ಲಿ ಮುಖ್ಯರು ಗ್ಲಾಸ್ಗೋದಲ್ಲಿದ್ದ ಜೋಸೆಫ್ ಬ್ಲ್ಯಾಕ್. ಅದು 1760ರ ಆಸುಪಾಸು. ಐಸ್ ಕರಗುವ ಉಷ್ಣತೆಗೆ ಬಂದ ಮೇಲೆ ಇನ್ನು ಸ್ವಲ್ಪವೇ ಶಾಖ ಸಾಕು, ಎಲ್ಲವೂ ನೀರಾಗುತ್ತದೆ ಅಂತ ಆಗಿನವರು ನಂಬಿದ್ದರು. ಬ್ಲ್ಯಾಕ್ ಕೇಳಿದ್ದು ತುಂಬ ಸರಳ ಪ್ರಶ್ನೆ. ಹಾಗಿದ್ದರೆ ಚಳಿಗಾಲ ಮುಗಿದು ಬಿಸಿಲು ಬಂದ ಕೂಡಲೇ ಬೆಟ್ಟದ ಹಿಮವೆಲ್ಲ ಒಮ್ಮೆಲೇ ಕರಗಿ ಊರುಗಳನ್ನು ಕೊಚ್ಚಿಕೊಂಡು ಹೋಗಬೇಕಿತ್ತಲ್ಲ? ಹಾಗಾಗುವುದಿಲ್ಲ. ಹಿಮ ವಾರಗಟ್ಟಲೆ ನಿಧಾನವಾಗಿ ಕರಗುತ್ತದೆ. ಎಲ್ಲರೂ ಕಂಡಿದ್ದನ್ನೇ ಹಿಡಿದು ಇಷ್ಟು ದೊಡ್ಡ ವಿಷಯಕ್ಕೆ ಬಂದರಲ್ಲ, ಅದು ನನಗೆ ತುಂಬ ಇಷ್ಟ.

ಮೂರನೇ ಪ್ರಯೋಗ: ಕುದಿಸಿ, ತೂಗಿ

ಇಲ್ಲಿ ಉರಿ ಬದಲಾಗಬಾರದು. ವಿದ್ಯುತ್ ಒಲೆಯಾದರೆ ಉತ್ತಮ. 25 ಡಿಗ್ರಿಯ 500 ಗ್ರಾಂ ನೀರನ್ನು ಕಾಯಲು ಇಡಿ. ಚೆನ್ನಾಗಿ ಕುದಿ ಬರುವವರೆಗೆ ಎಷ್ಟು ನಿಮಿಷ ಆಯಿತು ಬರೆದುಕೊಳ್ಳಿ. ಅಲ್ಲಿಂದ ಮುಂದೆ ಸರಿಯಾಗಿ ಅಷ್ಟೇ ನಿಮಿಷ, ಮುಚ್ಚಳ ತೆಗೆದು, ಕುದಿಯಲು ಬಿಡಿ. ಆರಿಸಿ, ತಣಿದ ಮೇಲೆ ತೂಗಿ.

ಎರಡೂ ಅವಧಿಯಲ್ಲಿ ಒಲೆ ಕೊಟ್ಟ ಶಾಖ ಒಂದೇ. ಮೊದಲ ಅವಧಿಯಲ್ಲಿ ಅದು ನೀರನ್ನು 75 ಡಿಗ್ರಿ ಮೇಲೇರಿಸಿತು. ಎರಡನೇ ಅವಧಿಯಲ್ಲಿ ಏನು ಮಾಡಿತು? ಬರೀ ಎಪ್ಪತ್ತು ಗ್ರಾಂನಷ್ಟು ನೀರನ್ನು ಆವಿ ಮಾಡಿತು, ಅಷ್ಟೇ. ಪಾತ್ರೆಯ ಸುತ್ತಲಿನ ಗಾಳಿಗೂ ಶಾಖ ಹೋಗುವುದರಿಂದ ನಿಮಗೆ ಇನ್ನೂ ಕಡಿಮೆಯೇ ಸಿಗಬಹುದು. 100 ಡಿಗ್ರಿಯ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಬೇಕು. ಐಸ್ ಕರಗಿಸಲು ಬೇಕಾದ್ದರ ಏಳು ಪಟ್ಟು ಹತ್ತಿರ.

ಯಾಕೆ ಇಷ್ಟು ವ್ಯತ್ಯಾಸ? ಐಸಿನಲ್ಲಿ ಪ್ರತಿ ನೀರಿನ ಅಣುವೂ ನಾಲ್ಕು ನೆರೆಯ ಅಣುಗಳ ಜೊತೆ ಕೈ ಹಿಡಿದು ನಿಂತಿರುತ್ತದೆ. ಕರಗಿದಾಗ ಸಾಲು ಕೆಡುತ್ತದೆ, ಕೆಲವು ಕೈ ಬಿಡುತ್ತವೆ, ಆದರೆ ಹೆಚ್ಚಿನವು ಬಿಟ್ಟು ಬಿಟ್ಟು ಹಿಡಿಯುತ್ತಲೇ ಇರುತ್ತವೆ. ಆವಿಯಾಗುವಾಗ ಮಾತ್ರ ಎಲ್ಲ ಕೈಗಳನ್ನೂ ಬಿಡಿಸಿಕೊಂಡು ಹೋಗಬೇಕು. ದುಬಾರಿ ಕೆಲಸ ಅದು.

ಈ ಶಾಖ ಎಲ್ಲೂ ಕಳೆದು ಹೋಗುವುದಿಲ್ಲ. ಆವಿ ಮತ್ತೆ ನೀರಾಗುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ಕುದಿಯುವ ನೀರು ಒಂದು ಗ್ರಾಂ ಚರ್ಮಕ್ಕೆ ಬಿದ್ದು 37 ಡಿಗ್ರಿಗೆ ತಣಿದರೆ ಸುಮಾರು 263 ಜೂಲ್ ಕೊಡುತ್ತದೆ. ಅದೇ 100 ಡಿಗ್ರಿಯ ಹಬೆ ಒಂದು ಗ್ರಾಂ ಬಿದ್ದರೆ ಮೊದಲು 2,260 ಕೊಟ್ಟು, ಆಮೇಲೆ ಈ 263. ಹಬೆಯ ಸುಟ್ಟಗಾಯ ಅಷ್ಟು ಕೆಟ್ಟದಾಗಿರುವುದು ಇದಕ್ಕೇ. ದಯವಿಟ್ಟು ಪಾತ್ರೆಯ ಮೇಲೆ ಕೈ ಚಾಚಬೇಡಿ, ಮಕ್ಕಳಿದ್ದರೆ ದೂರ ನಿಲ್ಲಿಸಿ.

ಕುದಿಯುವುದನ್ನು ನೋಡುತ್ತಿರುವಾಗಲೇ ಎರಡು ತಪ್ಪು ತಿಳಿವಳಿಕೆಯನ್ನೂ ಸರಿ ಮಾಡಿಕೊಳ್ಳಬಹುದು. ಪಾತ್ರೆಯ ಮೇಲೆ ಬೆಳ್ಳಗೆ ಕಾಣುವುದು ಆವಿ ಅಲ್ಲ. ಆವಿ ತಣಿದು ಆದ ಸಣ್ಣ ಸಣ್ಣ ನೀರಿನ ಹನಿಗಳು. ನಿಜವಾದ ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಇನ್ನೊಂದು, ಜೋರಾಗಿ ಕುದಿಯುವಾಗಿನ ಗುಳ್ಳೆಗಳಲ್ಲಿ ಹೈಡ್ರೋಜನ್, ಆಕ್ಸಿಜನ್ ಇದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಇಲ್ಲ, ಅದರೊಳಗೆ ಇರುವುದು ನೀರಿನ ಅಣುಗಳೇ. ಕುದಿಯುವಾಗ ಒಡೆಯುವುದು ಅಣು ಅಣುವಿನ ನಡುವಿನ ಎಳೆತ, ಅಣುವಿನ ಒಳಗಿನ ಬಂಧ ಅಲ್ಲ. 18 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಸಾಕು. ಅಷ್ಟೇ ನೀರಿನ ಅಣುಗಳ ಒಳಗಿನ ಬಂಧಗಳನ್ನೆಲ್ಲ ಮುರಿಯಲು 900 ಕಿಲೋಜೂಲ್‌ಗೂ ಜಾಸ್ತಿ ಬೇಕು. ಒಲೆಯ ಮೇಲೆ ಅದು ಆಗುವ ಕೆಲಸವಲ್ಲ.

ನಾಲ್ಕನೇ ಪ್ರಯೋಗ: ನಾಲ್ಕು ಹನಿಗಳ ಓಟ

ಹತ್ತಿರ ಎಲ್ಲೂ ಉರಿ ಇರಬಾರದು. ಕಿಟಕಿ ತೆರೆದಿರಲಿ. ಸ್ಪಿರಿಟ್, ಅಸಿಟೋನ್ ಎರಡೂ ಥಟ್ಟನೆ ಹತ್ತಿಕೊಳ್ಳುತ್ತವೆ.

ಒಂದು ಗಾಜಿನ ತಟ್ಟೆಯ ಮೇಲೆ ಅಸಿಟೋನ್, ಸ್ಪಿರಿಟ್, ನೀರು, ಎಣ್ಣೆ ಒಂದೊಂದು ಹನಿ ಹಾಕಿ. ಅಸಿಟೋನ್ ಮೊದಲು ಆರುತ್ತದೆ. ಆಮೇಲೆ ಸ್ಪಿರಿಟ್. ನೀರಿಗೆ ಜಾಸ್ತಿ ಹೊತ್ತು ಬೇಕು. ಎಣ್ಣೆ ನಾಳೆಯೂ ಅಲ್ಲೇ ಇರುತ್ತದೆ.

ಥರ್ಮಾಮೀಟರಿನ ಬುಡಕ್ಕೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಬೀಸಣಿಗೆಯಿಂದ ಗಾಳಿ ಹಾಕಿ. ಉಷ್ಣತೆ ಕೆಲವು ಡಿಗ್ರಿ ಇಳಿಯುವುದು ಕಾಣುತ್ತದೆ. ಅಣುಗಳಲ್ಲಿ ಜೋರಾಗಿ ಓಡುವವು ಮೊದಲು ತಪ್ಪಿಸಿಕೊಂಡು ಹೋಗುತ್ತವೆ. ಹಿಂದೆ ಉಳಿದವು ನಿಧಾನದವು, ಹಾಗಾಗಿ ತಣ್ಣಗಿರುತ್ತವೆ. ಬೆವರು ಆರುವಾಗ ಮೈ ತಂಪಾಗುವುದೂ ಹೀಗೆಯೇ.

ಈಗ ಒಂದು ವಿಚಿತ್ರ ನೋಡಿ. ಅಸಿಟೋನ್ ಅಣುವಿನ ತೂಕ 58. ಸ್ಪಿರಿಟಿನಲ್ಲಿರುವ ಎಥನಾಲ್‌ನದ್ದು 46. ನೀರಿನದ್ದು ಬರೀ 18. ಹಗುರವಾದದ್ದು ಮೊದಲು ಹಾರಿ ಹೋಗಬೇಕಿತ್ತು, ಅಲ್ವಾ? ಇಲ್ಲಿ ಉಲ್ಟಾ ಆಗಿದೆ. ಅಂದರೆ ತೂಕ ಒಂದನ್ನೇ ನೋಡಿದರೆ ಸಾಲದು. ಅಣುಗಳು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿವೆ ಅನ್ನುವುದು ಮುಖ್ಯ. ಅದನ್ನು ಅಣುವಿನ ರಚನೆ ನೋಡಿಯೇ ಊಹಿಸುವುದು ಹೇಗೆ ಅಂತ ಈಗ ನೋಡೋಣ.

ಅಣುವನ್ನು ನೋಡಿ ಎಳೆತವನ್ನು ಊಹಿಸುವ ಕ್ರಮ

ಎರಡು ವಸ್ತುಗಳಲ್ಲಿ ಯಾವುದು ಮೊದಲು ಕುದಿಯುತ್ತದೆ ಅನ್ನುವ ಪ್ರಶ್ನೆ ಬಂದರೆ ಮೂರು ಸಂಗತಿಗಳನ್ನು ನೋಡಿ. ಮೊದಲನೆಯದು ಹೈಡ್ರೋಜನ್ ಬಂಧ ಇದೆಯೇ ಅನ್ನುವುದು. ಆಕ್ಸಿಜನ್, ನೈಟ್ರೋಜನ್, ಫ್ಲೋರಿನ್ ಈ ಮೂರರಲ್ಲಿ ಒಂದಕ್ಕೆ ನೇರವಾಗಿ ಅಂಟಿಕೊಂಡ ಹೈಡ್ರೋಜನ್ ಅಣುವಿನಲ್ಲಿ ಇದ್ದರೆ, ಅದು ಪಕ್ಕದ ಅಣುವಿನಲ್ಲಿರುವ ಅಂಥದೇ ಪರಮಾಣುವನ್ನು ಬಲವಾಗಿ ಎಳೆಯುತ್ತದೆ. ಇದಕ್ಕೆ ಎಥನಾಲ್ ಮತ್ತು ಡೈಮಿಥೈಲ್ ಈಥರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡರಲ್ಲೂ ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ತೂಕವೂ ಒಂದೇ. ಜೋಡಣೆ ಮಾತ್ರ ಬೇರೆ. ಎಥನಾಲ್‌ನಲ್ಲಿ ಒಂದು ಹೈಡ್ರೋಜನ್ ಆಕ್ಸಿಜನ್‌ಗೆ ಅಂಟಿದೆ, ಈಥರ್‌ನಲ್ಲಿ ಇಲ್ಲ. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಆ ಈಥರ್ ಮೈನಸ್ 24ರಲ್ಲೇ! ಒಂದು ಹೈಡ್ರೋಜನ್ ಎಲ್ಲಿ ಕೂತಿದೆ ಅನ್ನುವುದರಿಂದ ನೂರು ಡಿಗ್ರಿಯ ಅಂತರ.

ನೀರಿನ ಕಥೆಯೂ ಇದೇ. ಆಕ್ಸಿಜನ್ ಜಾಗದಲ್ಲಿ ಅದರದೇ ಗುಂಪಿನ ಗಂಧಕ ಇದ್ದರೆ ಹೈಡ್ರೋಜನ್ ಸಲ್ಫೈಡ್. ಅದು ನೀರಿಗಿಂತ ಭಾರ, ಆದರೆ ಮೈನಸ್ 60ರಲ್ಲಿ ಕುದಿಯುತ್ತದೆ. ಅದೇ ಸಾಲಿನಲ್ಲಿ ಸೆಲೆನಿಯಂನದ್ದು ಮೈನಸ್ 41, ಟೆಲ್ಲೂರಿಯಂನದ್ದು ಮೈನಸ್ 2. ಈ ಸಾಲಿನ ಲೆಕ್ಕದಂತೆ ನಡೆದಿದ್ದರೆ ಎಲ್ಲಕ್ಕಿಂತ ಹಗುರವಾದ ನೀರು ಮೈನಸ್ 60ಕ್ಕಿಂತಲೂ ಕೆಳಗೆ ಕುದಿಯಬೇಕಿತ್ತು. ಕುದಿಯುವುದು 100ರಲ್ಲಿ. ನದಿ, ಸಮುದ್ರ, ನಮ್ಮ ರಕ್ತ ದ್ರವವಾಗಿ ಉಳಿದಿರುವುದು ಈ ಬಂಧದಿಂದಲೇ.

ಹೈಡ್ರೋಜನ್ ಬಂಧ ಇಲ್ಲದಿದ್ದರೆ, ಅಣುವಿನ ಒಂದು ಬದಿಗೆ ಋಣ, ಇನ್ನೊಂದು ಬದಿಗೆ ಧನ ವಿದ್ಯುದಂಶ ಇದೆಯೇ ನೋಡಿ. ಅಸಿಟೋನ್ ಅಂಥದು. 56 ಡಿಗ್ರಿಯಲ್ಲಿ ಕುದಿಯುತ್ತದೆ. ಹೈಡ್ರೋಜನ್ ಬಂಧದಷ್ಟು ಬಲ ಇದಕ್ಕಿಲ್ಲ.

ಎರಡೂ ಇಲ್ಲದಿದ್ದರೆ ಬರೀ ಗಾತ್ರ ನೋಡಿ. ಅಂಥ ಅಣುಗಳೂ ಎಳೆಯುತ್ತವೆ. ಎಲೆಕ್ಟ್ರಾನ್‌ಗಳ ಮೋಡ ಕ್ಷಣ ಮಾತ್ರ ಒಂದು ಬದಿಗೆ ವಾಲುತ್ತದೆ, ಆ ವಾಲುವಿಕೆ ಪಕ್ಕದ ಅಣುವಿನ ಮೋಡವನ್ನೂ ವಾಲಿಸುತ್ತದೆ. ಹೀಗೆ ಹುಟ್ಟುವ ಎಳೆತವನ್ನು 1930ರಲ್ಲಿ ಫ್ರಿಟ್ಸ್ ಲಂಡನ್ ವಿವರಿಸಿದರು. ಎಲೆಕ್ಟ್ರಾನ್ ಜಾಸ್ತಿ ಇದ್ದಷ್ಟೂ ಎಳೆತ ಜಾಸ್ತಿ. ಕೋಣೆಯ ಉಷ್ಣತೆಯಲ್ಲಿ ಫ್ಲೋರಿನ್, ಕ್ಲೋರಿನ್ ಅನಿಲ, ಬ್ರೋಮಿನ್ ದ್ರವ, ಅಯೋಡಿನ್ ಘನ. ಒಂದೇ ಕುಟುಂಬ, ಗಾತ್ರ ಹೆಚ್ಚುತ್ತ ಹೋದಂತೆ ಸ್ಥಿತಿಯೇ ಬದಲಾಗುತ್ತದೆ. ಎಣ್ಣೆ ತಟ್ಟೆಯ ಮೇಲೆ ಹಾಗೇ ಉಳಿಯಲೂ ಇದೇ ಕಾರಣ: ಅದರ ಅಣುಗಳು ತುಂಬ ದೊಡ್ಡವು, ಸಣ್ಣ ಸಣ್ಣ ಎಳೆತಗಳು ಉದ್ದಕ್ಕೂ ಕೂಡಿ ದೊಡ್ಡದಾಗುತ್ತವೆ. ಹೀಲಿಯಂನಲ್ಲಿ ಬರೀ ಎರಡು ಎಲೆಕ್ಟ್ರಾನ್. ಅದನ್ನು ದ್ರವ ಮಾಡಲು ಮೈನಸ್ 269 ಡಿಗ್ರಿವರೆಗೆ ತಣಿಸಬೇಕು. 1908ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಅದನ್ನು ಮೊದಲ ಬಾರಿಗೆ ಸಾಧಿಸಿದರು.

ಈ ಕ್ರಮವನ್ನು ಉಪ್ಪು, ಕಬ್ಬಿಣ, ವಜ್ರಕ್ಕೆ ಹಚ್ಚಬೇಡಿ. ಅಡುಗೆ ಉಪ್ಪು ಕರಗಿ ದ್ರವವಾಗುವುದು 801 ಡಿಗ್ರಿಯಲ್ಲಿ. ಅಲ್ಲಿ ಬಿಡಿ ಅಣುಗಳೇ ಇಲ್ಲ. ಧನ ಮತ್ತು ಋಣ ಅಯಾನುಗಳು, ಅಂದರೆ ವಿದ್ಯುದಂಶ ಇರುವ ಪರಮಾಣುಗಳು, ಉದ್ದಕ್ಕೂ ಹೆಣೆದುಕೊಂಡಿವೆ.

ಐದನೇ ಪ್ರಯೋಗ: ಒಲೆಯಿಲ್ಲದೆ ಕುದಿಸುವುದು

ಇಲ್ಲಿಯವರೆಗೆ ಶಾಖ ಕೊಟ್ಟು ಅಣುಗಳನ್ನು ಬಿಡಿಸಿದೆವು. ಹೊರಗಿನ ಗಾಳಿಯ ಒತ್ತಡ ತೆಗೆದರೂ ಅವು ಬಿಡಿಸಿಕೊಳ್ಳುತ್ತವೆ. ದ್ರವದೊಳಗೆ ಹುಟ್ಟುವ ಆವಿಯ ಗುಳ್ಳೆಯನ್ನು ಈ ಒತ್ತಡ ಅಮುಕುತ್ತಲೇ ಇರುತ್ತದೆ. ಆವಿಯ ಒತ್ತಡ ಅದಕ್ಕೆ ಸಮ ಆದಾಗ ಗುಳ್ಳೆ ಉಳಿದು ಬೆಳೆಯುತ್ತದೆ, ಅದೇ ಕುದಿ. ಅದಕ್ಕೇ ಎತ್ತರದ ಜಾಗಗಳಲ್ಲಿ ನೀರು 100 ಮುಟ್ಟುವ ಮೊದಲೇ ಕುದಿಯುತ್ತದೆ, ಸುಮಾರು 300 ಮೀಟರ್ ಏರಿದರೆ 1 ಡಿಗ್ರಿ ಕಡಿಮೆ. ಪ್ರೆಷರ್ ಕುಕ್ಕರಿನಲ್ಲಿ ಇದರ ಉಲ್ಟಾ, 120 ಡಿಗ್ರಿಯ ಹತ್ತಿರ.

ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು, 60 ಡಿಗ್ರಿಗೆ ಆರಲು ಬಿಡಿ. ಕುದಿಸುವುದು ಯಾಕೆ ಅಂದರೆ ಅದರಲ್ಲಿ ಕರಗಿದ ಗಾಳಿ ಹೊರಗೆ ಹೋಗಲಿ ಅಂತ. ಸಿರಿಂಜಿನ ಕಾಲು ಭಾಗದಷ್ಟು ಈ ನೀರನ್ನು ಎಳೆದುಕೊಳ್ಳಿ. ತುದಿ ಮೇಲೆ ಮಾಡಿ, ಬೆರಳಿನಿಂದ ತಟ್ಟಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ತಳ್ಳಿ. ಮುಚ್ಚಳ ಹಾಕಿ. ಬೆರಳಿನಿಂದ ಮುಚ್ಚಲು ಹೋಗಬೇಡಿ, ನೀರು ಸುಡುತ್ತದೆ. ಈಗ ಪಿಸ್ಟನ್ನನ್ನು ಬಲವಾಗಿ ಹಿಂದಕ್ಕೆ ಎಳೆದು ಹಿಡಿಯಿರಿ.

60 ಡಿಗ್ರಿಯ ನೀರು ನಿಮ್ಮ ಕೈಯಲ್ಲೇ ಕುದಿಯುತ್ತದೆ. ಗುಳ್ಳೆಗಳು ಏಳುವುದನ್ನು ಕಣ್ಣಾರೆ ನೋಡಿ. ಎಷ್ಟು ಸಲ ಮಾಡಿದರೂ ನನಗೆ ಇದು ಬೇಸರ ತಂದಿಲ್ಲ.

ಪಿಸ್ಟನ್ ಬಿಟ್ಟುಬಿಡಿ. ಗುಳ್ಳೆಗಳೆಲ್ಲ ಮಾಯವಾದರೆ ಅವು ಬರೀ ಆವಿಯವೇ. ಒತ್ತಡ ಮರಳಿದ ಕೂಡಲೇ ಅಣುಗಳು ಮತ್ತೆ ಒಂದನ್ನೊಂದು ಹಿಡಿದುಕೊಂಡು ನೀರಾದವು. ಮೇಲೆ ಸಾಸಿವೆಯಷ್ಟು ಗುಳ್ಳೆ ಉಳಿದುಬಿಟ್ಟರೆ ಅದು ಗಾಳಿ. ಮುಚ್ಚಳ ಸಡಿಲವಿದೆ, ಇಲ್ಲವೇ ನೀರನ್ನು ಇನ್ನೂ ಸ್ವಲ್ಪ ಹೊತ್ತು ಕುದಿಸಬೇಕಿತ್ತು. ಅದನ್ನು ಹೊರಗೆ ತಳ್ಳಿ, ಮುಚ್ಚಳ ಬಿಗಿ ಮಾಡಿ, ನೀರು ಪೂರ್ತಿ ಆರುವ ಮೊದಲು ಇನ್ನೊಮ್ಮೆ ಎಳೆಯಿರಿ.